ದೂರದ ಕೈಗಳು, ಒಂದೇ ಹಾಳೆ

ಇತಿಹಾಸದ ಮೊದಲ ಪಾಠದಲ್ಲಿ ನಾವು ಮಕ್ಕಳಿಗೆ ಶಿಲಾಯುಗ, ತಾಮ್ರಯುಗ, ಕಬ್ಬಿಣಯುಗ ಎಂದು ಹೇಳಿಕೊಡುತ್ತೇವೆ. ಮನುಷ್ಯನ ಕಾಲವನ್ನು ಅವನ ಕೈಯಲ್ಲಿದ್ದ ಹತಾರದಿಂದ ಗುರುತಿಸುವ ಕ್ರಮ ಅದು. ಆಮೇಲಿನ ಪಾಠಗಳಲ್ಲಿ ಹತಾರ ಮರೆತುಹೋಗಿ ದೊರೆಗಳು, ಯುದ್ಧಗಳು, ಒಪ್ಪಂದಗಳು ಶುರುವಾಗುತ್ತವೆ. ಸುಮಾರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ನನಗೆ ಇದು ಯಾವತ್ತೂ ಸರಿ ಎನಿಸಿಲ್ಲ. ಒರಳುಕಲ್ಲು ಹಿತ್ತಿಲು ಸೇರಿ ಮಿಕ್ಸಿ ಅಡುಗೆಮನೆಗೆ ಬಂದಾಗ ನಮ್ಮ ಬೆಳಗಿನ ಹೊತ್ತು ಎಷ್ಟು ಬದಲಾಯಿತೆಂದು ಯಾವ ಪಠ್ಯಪುಸ್ತಕವೂ ಬರೆಯಲಿಲ್ಲ. ಒಂದು ಹೊಲಿಗೆ ಯಂತ್ರ ಎಷ್ಟು ಮನೆಗಳ ಒಲೆ ಉರಿಸಿತು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಹೆಂಗಸರ ಕೈಗೆ ಬಂದ ಸಲಕರಣೆಗಳ ಚರಿತ್ರೆಯನ್ನು ನಾವೇ ನೆನಪಿಟ್ಟುಕೊಂಡು ನಾವೇ ಹೇಳಿಕೊಳ್ಳಬೇಕು.

ಈಗ ಅಂಥದೇ ಇನ್ನೊಂದು ಸಲಕರಣೆ ನಮ್ಮ ಊರುಗಳ ಮನೆಗಳಿಗೆ ಬಂದು ಕುಳಿತಿದೆ. ನಿಮ್ಮ ಬೀದಿಯಲ್ಲೂ ಇದ್ದೀತು, ಗಮನಿಸಿ ನೋಡಿ. ಮಹಡಿ ಮೇಲಿನ ಕೋಣೆಯಲ್ಲಿ ಒಬ್ಬ ಮಗಳೋ ಸೊಸೆಯೋ ಕಂಪ್ಯೂಟರ್ ಮುಂದೆ ಕುಳಿತಿರುತ್ತಾಳೆ. ದಾರಿಯಲ್ಲಿ ಹೋಗುವವರು "ಮನೇಲೇ ಇದ್ದಾಳಲ್ಲ" ಎನ್ನುತ್ತಾರೆ. ಆದರೆ ಅವಳು ಇರುವುದು ಕಚೇರಿಯಲ್ಲಿ. ಅವಳ ಜೊತೆಯವರು ಒಬ್ಬರು ಮೈಸೂರಿನಲ್ಲಿ, ಒಬ್ಬರು ಧಾರವಾಡದಲ್ಲಿ, ಇನ್ನೊಬ್ಬರು ಸಮುದ್ರದಾಚೆ. ನಾವು ಮೊಬೈಲಿನಲ್ಲಿ ಹಣ ಕಳಿಸುವಾಗ ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ತಪ್ಪು ಒತ್ತಿದರೆ ಹಿಂದಕ್ಕೆ ಬರುವ ದಾರಿ ಯಾವುದು ಎಂದು ಯಾರೋ ಕುಳಿತು ಯೋಚಿಸಿ ಬರೆದಿರುತ್ತಾರಲ್ಲ, ಅದಕ್ಕೆ ವಿನ್ಯಾಸ ಎನ್ನುತ್ತಾರೆ. ಆರೇಳು ಊರುಗಳಲ್ಲಿ ಕುಳಿತ ಆರೇಳು ಜನ ಒಂದೇ ಹಾಳೆಯ ಮೇಲೆ ಹೇಗೆ ಬರೆಯುತ್ತಾರೆ? ಅದಕ್ಕೆ ಬೇಕಾದ ತಂತ್ರಾಂಶವನ್ನು ಯಾವ ತಕ್ಕಡಿಯಲ್ಲಿ ತೂಗಿ ಆರಿಸಿಕೊಳ್ಳುತ್ತಾರೆ?

ನನಗೆ ಈ ಪ್ರಶ್ನೆ ಹುಟ್ಟಿದ್ದು ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ವಿನ್ಯಾಸದ ಕೆಲಸಕ್ಕೆ ಸೇರಿ, ಹೆರಿಗೆಯಾದ ಮೇಲೆ ಅರಸೀಕೆರೆಗೆ ಬಂದು, ತಾಯಿಯ ಮನೆಯಲ್ಲಿದ್ದುಕೊಂಡೇ ಕೆಲಸ ಮುಂದುವರಿಸಿದಳು. ತಾಯಿಗೆ ಮಂಡಿ ನೋವು, ಮಗುವಿಗೆ ಎರಡು ವರ್ಷ. ಅವಳು ಏಳು ಜನರ ಒಂದು ತಂಡಕ್ಕೆ ಮುಂದಾಳು. ಹೋದ ವರ್ಷ ಮೇಲಿನವರಿಂದ ಸಂದೇಶ ಬಂತು: ದೂರದಲ್ಲಿದ್ದವರ ಕೆಲಸ ಎಲ್ಲಿಗೆ ಬಂತೆಂದು ಕಾಣುವುದಿಲ್ಲ, ಕಡತಗಳು ಹತ್ತು ಕಡೆ ಚದುರಿವೆ, ಮೂರು ತಿಂಗಳಲ್ಲಿ ಒಂದು ವ್ಯವಸ್ಥೆ ಮಾಡಿ ತೋರಿಸಿ, ಆಗದಿದ್ದರೆ ಎಲ್ಲರೂ ಬೆಂಗಳೂರಿಗೆ ಬನ್ನಿ. ಬೆಂಗಳೂರಿಗೆ ಹೋಗುವುದೆಂದರೆ ಅವಳ ಮಟ್ಟಿಗೆ ಕೆಲಸ ಬಿಡುವುದೆಂದೇ ಅರ್ಥ. ದಸರೆ ರಜೆಯಲ್ಲಿ ನನ್ನ ಹತ್ತಿರ ಬಂದು, "ದೊಡ್ಡಮ್ಮ, ಯಾವ ತಂತ್ರಾಂಶ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ತಲೆ ಕೆಟ್ಟುಹೋಗಿದೆ" ಎಂದಳು. ನನಗೆ ತಂತ್ರಾಂಶ ಗೊತ್ತಿಲ್ಲ, ಚರಿತ್ರೆ ಗೊತ್ತು. "ಇದು ಹಿಂದೆ ಹೇಗಿತ್ತು ಅಂತ ಮೊದಲು ನೋಡೋಣ ಕಣೇ" ಎಂದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು, ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಆ ಬರಹದಿಂದ ಹುಟ್ಟಿದ್ದು ಈ ಪ್ರಬಂಧ.

ಒಂದೇ ನಕ್ಷೆಯನ್ನು ಹಲವರು ನೋಡಬೇಕೆನ್ನುವ ಕಷ್ಟ ಕಂಪ್ಯೂಟರಿಗಿಂತ ಬಹಳ ಹಳೆಯದು. ಕೈಯಲ್ಲಿ ಬರೆದ ನಕ್ಷೆ ಒಂದೇ ಇರುತ್ತದೆ. ಕಟ್ಟಡ ಕಟ್ಟುವವನಿಗೆ ಬೇಕು, ಬಡಗಿಗೆ ಬೇಕು, ಹಣ ಕೊಡುವವನಿಗೂ ಬೇಕು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಬಿಸಿಲಿನಲ್ಲಿ ನೀಲಿ ಬಣ್ಣಕ್ಕೆ ತಿರುಗುವ ಒಂದು ಬಗೆಯ ಕಾಗದವನ್ನು ಕಂಡುಹಿಡಿದರು. ಪಾರದರ್ಶಕ ಹಾಳೆಯ ಮೇಲೆ ಬರೆದ ನಕ್ಷೆಯನ್ನು ಅದರ ಮೇಲಿಟ್ಟು ಬಿಸಿಲಿಗೆ ಹಿಡಿದು ತೊಳೆದರೆ ನೀಲಿಯ ಮೇಲೆ ಬಿಳಿ ಗೆರೆಗಳು ಮೂಡುತ್ತವೆ. ನಾವು ಇಂದಿಗೂ ಬಾಯಲ್ಲಿ ಹೇಳುವ 'ಬ್ಲೂಪ್ರಿಂಟ್' ಇದೇ. ಮರುವರ್ಷವೇ, 1843ರಲ್ಲಿ, ಅನ್ನಾ ಅಟ್ಕಿನ್ಸ್ ಎಂಬ ಹೆಣ್ಣುಮಗಳು ಇದೇ ಕಾಗದದ ಮೇಲೆ ಸಮುದ್ರದ ಪಾಚಿಗಳನ್ನಿಟ್ಟು ಅವುಗಳ ನೆರಳಚ್ಚು ತೆಗೆದು ಪುಸ್ತಕ ಮಾಡಲು ತೊಡಗಿದಳು. ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕ ಅದೆಂದು ಹೇಳುತ್ತಾರೆ. ಕಟ್ಟಡದವರು ಈ ಕಾಗದವನ್ನು ಹಿಡಿದದ್ದು ಆಮೇಲೆ.

ಪ್ರತಿ ತೆಗೆಯುವುದು ಸುಲಭವಾದ ಕೂಡಲೇ ಹೊಸ ಕಷ್ಟವೊಂದು ಬಂತು. ನಕ್ಷೆ ಬರೆದವನು ಕಿಟಕಿಯನ್ನು ಎರಡು ಅಡಿ ಸರಿಸಿದರೆ ಕೆಲಸದ ಜಾಗದಲ್ಲಿದ್ದ ಹಳೆಯ ಪ್ರತಿಗೆ ಅದು ಗೊತ್ತಾಗುವುದಿಲ್ಲ. ಯಾವುದು ಕೊನೆಯ ಪ್ರತಿ, ಯಾವುದನ್ನು ನಂಬಬೇಕು? ನಕ್ಷೆಯ ಮೂಲೆಯಲ್ಲಿ ತಾರೀಖು, ತಿದ್ದುಪಡಿಯ ಸಂಖ್ಯೆ, ತಿದ್ದಿದವರ ಸಹಿ ಹಾಕುವ ಪದ್ಧತಿ ಈ ಕಷ್ಟಕ್ಕೆ ಮದ್ದು. ನಮ್ಮ ಸೊಸೈಟಿಗಳ ಲೆಕ್ಕದ ಪುಸ್ತಕದಲ್ಲಿ ಹೊಡೆದುಹಾಕಿದ ಅಂಕಿಯ ಪಕ್ಕ ಸಹಿ ಹಾಕಿಸುತ್ತಾರಲ್ಲ, ಅದೇ ವಿವೇಕ.

ಈಗ ಮನೆಯಿಂದ ಕೆಲಸ ಮಾಡಿದ ಹೆಂಗಸರ ಕಥೆಗೆ ಬರೋಣ. ಇದು 2020ರ ಲಾಕ್‌ಡೌನಿನಲ್ಲಿ ಶುರುವಾದದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಸ್ಟೆಫನಿ ಶರ್ಲಿ ಎಂಬಾಕೆಯ ಹೆಸರು ಕೇಳಿದ ಮೇಲೆ ಹಾಗೆ ತಿಳಿಯಲಾರಿರಿ. 1933ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆಕೆ 1939ರಲ್ಲಿ, ಐದು ವರ್ಷದ ಮಗುವಾಗಿದ್ದಾಗ, ಹಿಟ್ಲರನ ಕೈಯಿಂದ ಪಾರುಮಾಡಿದ ಮಕ್ಕಳ ರೈಲಿನಲ್ಲಿ ಅಕ್ಕನೊಂದಿಗೆ ಇಂಗ್ಲೆಂಡಿಗೆ ಬಂದವಳು. ಅಲ್ಲಿನ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಕಲಿತಳು. ಹೆಣ್ಣಾದ್ದರಿಂದ ಮೇಲೇರಲು ಬಿಡುತ್ತಿಲ್ಲವೆಂದು ಮನದಟ್ಟಾದಾಗ 1962ರಲ್ಲಿ, ಆರು ಪೌಂಡ್ ಬಂಡವಾಳದಲ್ಲಿ, ಊಟದ ಮೇಜಿನ ಮೇಲೆ ತನ್ನದೇ ಕಂಪನಿ ತೆರೆದಳು. ಹೆಸರು ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್. ಮದುವೆಯಾಗಿ, ಮಕ್ಕಳಾಗಿ, ಕೆಲಸ ಬಿಟ್ಟು ಕುಳಿತಿದ್ದ ವಿದ್ಯಾವಂತ ಹೆಂಗಸರನ್ನು ಹುಡುಕಿ, ಅವರವರ ಮನೆಯಲ್ಲೇ ಕಂಪ್ಯೂಟರಿನ ಪ್ರೋಗ್ರಾಮು ಬರೆಯಲು ಕೊಟ್ಟಳು. ಮೊದಲ 300 ಮಂದಿ ಕೆಲಸಗಾರರಲ್ಲಿ 297 ಮಂದಿ ಹೆಂಗಸರು. ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಯ ಪ್ರೋಗ್ರಾಮು ಬರೆದದ್ದು ಇವರೇ.

ಅವರ ಮನೆಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಪೆನ್ಸಿಲು, ಕಾಗದ, ದೂರವಾಣಿ, ಅಂಚೆ, ಇಷ್ಟೇ ಅವರ ಸಲಕರಣೆ. ಶರ್ಲಿ ಸ್ಟೆಫನಿ ಎಂದು ಸಹಿ ಹಾಕಿ ಕೆಲಸ ಕೇಳಿ ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಗಂಡನ ಸಲಹೆಯಂತೆ ಗಂಡು ಹೆಸರಿನ ಹಾಗೆ ಕೇಳುವ 'ಸ್ಟೀವ್' ಎಂದು ಸಹಿ ಹಾಕತೊಡಗಿದ ಮೇಲೆ ಬಾಗಿಲುಗಳು ತೆರೆದವು. ಫೋನಿನಲ್ಲಿ ಮಾತನಾಡುವಾಗ ಹಿಂದಿನಿಂದ ಮಗುವಿನ ಅಳು ಕೇಳಿಸಬಾರದೆಂದು ಟೈಪ್‌ರೈಟರಿನ ಸದ್ದನ್ನು ಮುದ್ರಿಸಿಟ್ಟುಕೊಂಡು ಹಾಕುತ್ತಿದ್ದಳಂತೆ. ದೊಡ್ಡ ಕಚೇರಿ ಎಂದು ಆ ಕಡೆಯವರು ನಂಬುತ್ತಿದ್ದರು. ಇದನ್ನು ಓದಿದಾಗ ನಾನೂ ತಂಗಿಯ ಮಗಳೂ ಮೊದಲು ನಕ್ಕೆವು, ಆಮೇಲೆ ಸುಮ್ಮನಾದೆವು. ಹಿಂದಿನ ದಿನ ಸಂಜೆ ಮೀಟಿಂಗಿನ ಹೊತ್ತಿಗೆ ಮಗು ಅತ್ತಾಗ ಅವಳು ಧ್ವನಿಯ ಗುಂಡಿ ಒತ್ತಿ ಸದ್ದಡಗಿಸಿಕೊಂಡಿದ್ದನ್ನು ನಾನೇ ಕಂಡಿದ್ದೆ. ಶರ್ಲಿ 2025ರಲ್ಲಿ ತೀರಿಕೊಂಡಳು. ಒಳ್ಳೆಯ ಸಲಕರಣೆ ಬರುವವರೆಗೆ ಆಕೆ ಕಾಯಲಿಲ್ಲ. ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಯಾರದು ಎಲ್ಲಿಂದ ಶುರುವಾಗುತ್ತದೆ ಎಂಬ ಕಟ್ಟುಪಾಡು ಗಟ್ಟಿಯಾಗಿದ್ದರೆ ಅಂಚೆಯಲ್ಲೂ ತಂಡ ನಡೆಯುತ್ತದೆ ಎಂಬುದಕ್ಕೆ ಆಕೆಯ ಕಂಪನಿ ಸಾಕ್ಷಿ.

ಅದೇ ಕಾಲಕ್ಕೆ ಅಮೆರಿಕದಲ್ಲಿ ಸಲಕರಣೆಯ ಕಡೆಯ ಕೆಲಸವೂ ನಡೆದಿತ್ತು. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಡಾಕ್ಟರೇಟಿಗಾಗಿ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಮು ಮಾಡಿದ. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯಬಹುದಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬರ್ಟ್ ಸುಮಾರು ಸಾವಿರ ಮಂದಿ ತಜ್ಞರ ಮುಂದೆ ತೊಂಬತ್ತು ನಿಮಿಷ ಒಂದು ಪ್ರದರ್ಶನ ಕೊಟ್ಟ. ನಾವು ಇಂದು ಮೌಸ್ ಎನ್ನುವುದನ್ನು ಬಹಿರಂಗವಾಗಿ ತೋರಿಸಿದ್ದು ಅಂದು. ಉದಾಹರಣೆಗೆ ಅವನು ಆರಿಸಿಕೊಂಡದ್ದು ಮನೆಗೆ ತರಬೇಕಾದ ದಿನಸಿಯ ಪಟ್ಟಿ! ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಸುಮಾರು ಮೂವತ್ತು ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಮುಖ ಪರದೆಯ ಮೂಲೆಯಲ್ಲಿ ಕಾಣಿಸಿತು, ಇಬ್ಬರೂ ಒಂದೇ ಬರಹದ ಮೇಲೆ ಕೆಲಸ ಮಾಡಿದರು. ದೂರದ ಕೈಗಳು ಒಂದೇ ಹಾಳೆಯನ್ನು ಮುಟ್ಟಿದ್ದನ್ನು ಲೋಕ ಅಂದು ಕಂಡಿತು. ಆದರೆ ಅದು ವಿನ್ಯಾಸದವರ ದಿನನಿತ್ಯದ ಬಳಕೆಗೆ ಬರಲು ಇನ್ನೂ ಸುಮಾರು ಐವತ್ತು ವರ್ಷ ಬೇಕಾಯಿತು.

ನಮ್ಮ ಕರ್ನಾಟಕವೂ ಈ ಚರಿತ್ರೆಯಲ್ಲಿ ಬೇಗನೆ ಸೇರಿಕೊಂಡಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಇಲ್ಲಿನ ಇಂಜಿನಿಯರುಗಳ ಕೆಲಸ ಉಪಗ್ರಹದ ಮೂಲಕ ಹೊರದೇಶದ ಕಚೇರಿಗಳಿಗೆ ಹೋಗಿಬರುತ್ತಿತ್ತು. ಒಂದು ಟ್ರಂಕ್ ಕಾಲ್‌ಗೆ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳು ಅವು. ಬೇರೆ ಊರಿಗೆ ಹೋಗದೆ ಬೇರೆ ಊರಿನವರ ಜೊತೆ ವಿನ್ಯಾಸ ಮಾಡಬಹುದೆಂಬುದು ನಮ್ಮಲ್ಲಿ ಆಗಲೇ ಸಾಬೀತಾಯಿತು. ಆದರೆ ಉಪಗ್ರಹದ ಬುಟ್ಟಿಯನ್ನು ದೊಡ್ಡ ಕಂಪನಿ ನಿಲ್ಲಿಸಬಲ್ಲದು, ಅರಸೀಕೆರೆಯ ಒಂದು ಮನೆ ನಿಲ್ಲಿಸಲಾರದು.

ಮುಂದೆ ಬಂದದ್ದು ಕಡತಗಳ ಕಾಲ. 1982ರಲ್ಲಿ ಆಟೋಕ್ಯಾಡ್, 1987ರಲ್ಲಿ ಇಲಸ್ಟ್ರೇಟರ್, 1990ರಲ್ಲಿ ಫೋಟೋಶಾಪ್ ಬಂದವು. ಚಿತ್ರ ಕಾಗದದಿಂದ ಕಂಪ್ಯೂಟರಿಗೆ ಹೋಯಿತು. ಆದರೆ ಅದು ಒಬ್ಬರ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಕುಳಿತಿರುತ್ತಿತ್ತು. ಬೇರೆಯವರಿಗೆ ಬೇಕೆಂದರೆ ಫ್ಲಾಪಿಯಲ್ಲಿ ಹಾಕಿ ಕೊಡಬೇಕು, ಆಮೇಲಾಮೇಲೆ ಇ-ಮೇಲಿನಲ್ಲಿ ಕಳಿಸಬೇಕು. ಅವರು ತಿದ್ದಿ ಬೇರೆ ಹೆಸರಿಟ್ಟು ಹಿಂದಕ್ಕೆ ಕಳಿಸುತ್ತಾರೆ. 'ಕೊನೆಯದು', 'ಕೊನೆಯದು ಎರಡು', 'ನಿಜವಾಗಿ ಕೊನೆಯದು' ಎಂಬ ಹೆಸರಿನ ಕಡತಗಳು ಎಲ್ಲ ಕಚೇರಿಗಳಲ್ಲೂ ತುಂಬಿದವು. ನೀಲಿ ಕಾಗದದ ಹಳೆಯ ರೋಗವೇ ಮರಳಿ ಬಂದಿತ್ತು, ಮೂಲೆಯ ಸಹಿ ಮಾತ್ರ ಇರಲಿಲ್ಲ.

ಕನ್ನಡದವರಾದ ನಮಗೆ ಇದರ ಮೇಲೆ ಇನ್ನೊಂದು ತೊಡಕು. ಶಾಲೆಯ ವಾರ್ಷಿಕ ಸಂಚಿಕೆ ಮಾಡಿಸಿದ ಯಾವ ಮೇಷ್ಟರನ್ನು ಬೇಕಾದರೂ ಕೇಳಿ. ಒಬ್ಬರು ನುಡಿಯಲ್ಲಿ ಬೆರಳಚ್ಚು ಮಾಡಿರುತ್ತಾರೆ, ಇನ್ನೊಬ್ಬರು ಬರಹದಲ್ಲಿ, ಡಿಟಿಪಿ ಅಂಗಡಿಯವನ ಹತ್ತಿರ ಮತ್ತೊಂದು ಬಗೆಯ ಅಕ್ಷರ. ಇಲ್ಲಿಂದ ಕವನವಾಗಿ ಹೋದದ್ದು ಅಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ತೆರೆದುಕೊಳ್ಳುತ್ತಿತ್ತು. ಅಕ್ಷರಕ್ಕೊಂದು ನಿಶ್ಚಿತ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬಂದ ಮೇಲೆ ಈ ಕಾಟ ಬಹಳ ಮಟ್ಟಿಗೆ ತಗ್ಗಿತು. ದೂರದಲ್ಲಿದ್ದವರು ಕೂಡಿ ಕೆಲಸ ಮಾಡಬೇಕಾದರೆ ಸಲಕರಣೆಯ ಚಂದಕ್ಕಿಂತ ಮೊದಲು ಎಲ್ಲರಿಗೂ ಒಂದೇ ಲಿಪಿಯ ಒಪ್ಪಂದ ಇರಬೇಕು. ಈ ಪಾಠವನ್ನು ನಾವು ಕನ್ನಡದಿಂದಲೇ ಕಲಿತಿದ್ದೇವೆ.

2010ರಲ್ಲಿ ನೆದರ್‌ಲ್ಯಾಂಡ್ಸಿನಿಂದ 'ಸ್ಕೆಚ್' ಎಂಬ ತಂತ್ರಾಂಶ ಬಂತು. ಫೋನಿನ ಪರದೆಗಳ ವಿನ್ಯಾಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಅದನ್ನು ಬಳಸಲು ಆ್ಯಪಲ್ ಕಂಪನಿಯ ಮ್ಯಾಕ್ ಬೇಕೇ ಬೇಕು. ಕಡತವೂ ಬರೆದವರ ಹತ್ತಿರವೇ ಉಳಿಯುತ್ತಿತ್ತು. ಬೇರೆಯವರಿಗೆ ತೋರಿಸಲು 2011ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ 'ಇನ್‌ವಿಷನ್' ಇತ್ತು. ಬರೆದ ಪರದೆಗಳನ್ನು ಅಲ್ಲಿ ಏರಿಸಿದರೆ ನಿಜವಾದ ಫೋನಿನ ಹಾಗೆ ಒತ್ತಿ ನೋಡಬಹುದು, ಅಭಿಪ್ರಾಯ ಬರೆಯಬಹುದು. ಇನ್‌ವಿಷನ್‌ನ ಕೆಲಸಗಾರರೂ ಎಲ್ಲರೂ ಅವರವರ ಊರಿನಿಂದಲೇ ದುಡಿಯುತ್ತಿದ್ದರು. 2018ರಲ್ಲಿ ಅದರ ಬೆಲೆ ಸುಮಾರು 190 ಕೋಟಿ ಡಾಲರ್ ಎಂದು ಕಟ್ಟಿದ್ದರು. ಒಂದು ತಂಡ ಬರೆಯಲು ಒಂದು, ತೋರಿಸಲು ಒಂದು, ಇಂಜಿನಿಯರಿಗೆ ಅಳತೆ ಕೊಡಲು ಇನ್ನೊಂದು ಸಲಕರಣೆಗೆ ಬಾಡಿಗೆ ಕಟ್ಟುತ್ತಿತ್ತು. ಒಂದು ಸಾರಿಗೆ ಬೇಳೆಗೊಂದು ಅಂಗಡಿ, ಹುಣಿಸೆಗೊಂದು ಅಂಗಡಿ ಸುತ್ತಿದ ಹಾಗೆ.

ಈ ಸುತ್ತಾಟವನ್ನು ತಪ್ಪಿಸಿದ್ದು 'ಫಿಗ್ಮಾ'. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೈಲನ್ ಫೀಲ್ಡ್, ಇವಾನ್ ವ್ಯಾಲೇಸ್ ಎಂಬ ಇಬ್ಬರು ತರುಣರು 2012ರಲ್ಲಿ ಅದನ್ನು ಶುರುಮಾಡಿದರು. ಎಲ್ಲರ ಕೈಗೆ ಅದು ಸಿಕ್ಕಿದ್ದು 2016ರಲ್ಲಿ. ನಾವು ಸುದ್ದಿ ಓದಲು ತೆರೆಯುವ ಬ್ರೌಸರಿನಲ್ಲೇ ಅದು ತೆರೆದುಕೊಳ್ಳುತ್ತದೆ. ಮ್ಯಾಕ್ ಬೇಕಾಗಿಲ್ಲ, ಸಾಧಾರಣ ಕಂಪ್ಯೂಟರ್ ಸಾಕು. ಸಣ್ಣ ಊರಿನ ಹುಡುಗಿಯರಿಗೆ ಈ ಒಂದು ಸಂಗತಿಯೇ ದೊಡ್ಡ ಬಾಗಿಲು ತೆರೆಯಿತು.

ಅದು ನಡೆಯುವ ಬಗೆ ನನಗೆ ಅರ್ಥವಾದದ್ದು ರಂಗೋಲಿಯ ಹೋಲಿಕೆಯಿಂದ. ಸಂಕ್ರಾಂತಿಗೆ ಬೀದಿಯ ಹೆಂಗಸರೆಲ್ಲ ಸೇರಿ ದೊಡ್ಡ ರಂಗೋಲಿ ಹಾಕುತ್ತೇವಲ್ಲ, ಒಬ್ಬರು ಒಂದು ಎಸಳಿಗೆ ಬಣ್ಣ ತುಂಬುತ್ತಿದ್ದರೆ ಇನ್ನೊಬ್ಬರು ಇನ್ನೊಂದು ಎಸಳಿನಲ್ಲಿರುತ್ತಾರೆ. ಫಿಗ್ಮಾದಲ್ಲಿ ಹಾಳೆ ಇರುವುದು ಕಂಪನಿಯ ದೂರದ ಕಂಪ್ಯೂಟರಿನಲ್ಲಿ. ಪ್ರತಿಯೊಬ್ಬರ ಕೈಗುರುತೂ ಹೆಸರಿನೊಂದಿಗೆ ಎಲ್ಲರ ಪರದೆಯ ಮೇಲೂ ಓಡಾಡುತ್ತದೆ. ಒಬ್ಬಳು ಮಾಡಿದ ಬದಲಾವಣೆ ಕ್ಷಣದಲ್ಲಿ ಎಲ್ಲರಿಗೂ ಕಾಣುತ್ತದೆ. ಇಬ್ಬರು ಒಂದೇ ಎಸಳಿನ ಬಣ್ಣ ಬದಲಿಸಿದರೆ ಆ ದೂರದ ಕಂಪ್ಯೂಟರಿಗೆ ಕೊನೆಯಲ್ಲಿ ತಲುಪಿದ ಬಣ್ಣ ನಿಲ್ಲುತ್ತದೆ. 'ಯಾವುದು ಕೊನೆಯ ಪ್ರತಿ' ಎಂಬ ನೂರೈವತ್ತು ವರ್ಷ ಮೀರಿದ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಇರುವುದೇ ಒಂದು ಪ್ರತಿ.

ಆದರೂ ಮೊದಲು ಇದನ್ನು ನೋಡಿದ ವಿನ್ಯಾಸಕಾರರಲ್ಲಿ ಹಲವರಿಗೆ ಸಿಟ್ಟು ಬಂತು. ತಾವು ಬರೆಯುವಾಗ ಇನ್ನೊಬ್ಬರು ಇಣುಕಿ ನೋಡುವುದು ಅವರಿಗೆ ಬೇಡವಾಗಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಧ ಬೆಂದ ಪಲ್ಯದ ಬಾಣಲೆಯ ಮುಚ್ಚಳ ತೆಗೆದು ಅತ್ತೆ ಉಪ್ಪು ನೋಡಿದರೆ ಯಾವ ಸೊಸೆಗೆ ಹಿತವಾದೀತು? ಮುಗಿಯದ ಕೆಲಸಕ್ಕೆ ಒಂದು ಮರೆ ಬೇಕು. ಆ ಮರೆಯಲ್ಲೇ ಮನುಷ್ಯ ಧೈರ್ಯವಾಗಿ ತಪ್ಪು ಮಾಡಿ ತಿದ್ದಿಕೊಳ್ಳುವುದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ಮರೆಯ ಪ್ರಶ್ನೆ ಮನೆಮನೆಗೆ ಬಂತು. ಕಚೇರಿ ಮುಚ್ಚಿದ ಮೇಲೆ ಕೆಲವು ಮಾಲೀಕರು ಕೆಲಸಗಾರರ ಪರದೆಯ ಚಿತ್ರವನ್ನು ಆಗಾಗ ತೆಗೆಯುವ, ಬೆರಳು ಎಷ್ಟು ಬಾರಿ ಕೀಲಿಗಳನ್ನು ಒತ್ತಿತೆಂದು ಎಣಿಸುವ ತಂತ್ರಾಂಶಗಳನ್ನು ಹಾಕಿಸಿದರು. ಅದಕ್ಕೆ ಉತ್ತರವಾಗಿ ಮೌಸನ್ನು ತಾನೇ ಅಲುಗಾಡಿಸುವ ಪುಟ್ಟ ಯಂತ್ರಗಳು ಮಾರಾಟಕ್ಕೆ ಬಂದವು. ಕೂಡಿ ಕೆಲಸ ಮಾಡುವ ಸಲಕರಣೆ ಬೇರೆ, ಕಾವಲು ಕಾಯುವ ಸಲಕರಣೆ ಬೇರೆ. ಎರಡೂ ಒಂದೇ ಅಂಗಡಿಯಲ್ಲಿ ಸಿಗುವುದರಿಂದ ಕೊಳ್ಳುವವರಿಗೆ ವ್ಯತ್ಯಾಸ ಮರೆತುಹೋಗುತ್ತದೆ.

ಇನ್ನು ಈ ಅಂಗಡಿಗಳ ಬಾಳಿಕೆಯ ಮಾತು. 2022ರ ಸೆಪ್ಟೆಂಬರಿನಲ್ಲಿ ಫೋಟೋಶಾಪಿನ ಒಡೆಯರಾದ ಅಡೋಬಿಯವರು ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿದರು. ಬ್ರಿಟನ್ ಮತ್ತು ಯುರೋಪಿನ ಅಧಿಕಾರಿಗಳು ಪೈಪೋಟಿ ಸತ್ತೀತೆಂದು ಆಕ್ಷೇಪಿಸಿದ್ದರಿಂದ 2023ರ ಡಿಸೆಂಬರಿನಲ್ಲಿ ಒಪ್ಪಂದ ಮುರಿದುಬಿತ್ತು. ಅಡೋಬಿ 100 ಕೋಟಿ ಡಾಲರ್ ದಂಡ ತೆತ್ತಿತು. 2025ರ ಜುಲೈಯಲ್ಲಿ ಫಿಗ್ಮಾ ನ್ಯೂಯಾರ್ಕಿನ ಷೇರು ಪೇಟೆಗೆ ಇಳಿಯಿತು. ಅತ್ತ ಇನ್‌ವಿಷನ್ 2024ರ ಜನವರಿಯಲ್ಲಿ ತನ್ನ ವಿನ್ಯಾಸ ಸೇವೆಗಳನ್ನು ನಿಲ್ಲಿಸುವುದಾಗಿ ಹೇಳಿ, ಅದೇ ವರ್ಷದ ಡಿಸೆಂಬರ್ 31ರಂದು ಬಾಗಿಲು ಹಾಕಿತು. ಮಕ್ಕಳು ಅಮೆರಿಕಕ್ಕೆ ಹೋದಾಗ ನಮಗೆಲ್ಲ ಅವರ ಮುಖ ತೋರಿಸಿದ ಸ್ಕೈಪ್ ನೆನಪಿದೆಯಲ್ಲ? 2003ರಲ್ಲಿ ಹುಟ್ಟಿದ ಅದೂ 2025ರ ಮೇ ತಿಂಗಳಲ್ಲಿ ಮುಚ್ಚಿತು. ತಂಡಗಳು ಹರಟೆಗೂ ಕೆಲಸಕ್ಕೂ ಬಳಸುವ 'ಸ್ಲ್ಯಾಕ್' ಒಂದು ಆಟದ ಕಂಪನಿ ಊರೂರಿನಲ್ಲಿದ್ದ ತನ್ನವರ ಮಾತುಕತೆಗೆಂದು ಮಾಡಿಕೊಂಡ ಸಲಕರಣೆ. ಆಟ 2012ರಲ್ಲಿ ಸೋತಿತು, ಸಲಕರಣೆ ಗೆದ್ದಿತು. ಆದರೆ ದುಡ್ಡು ಕೊಡದೆ ಬಳಸುವವರಿಗೆ 2022ರಿಂದ ಅದರಲ್ಲಿ 90 ದಿನಗಳ ಹಿಂದಿನ ಮಾತು ಕಾಣಿಸದಂತಾಯಿತು. ಇವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ವ್ಯಾಪಾರ ಎಂದ ಮೇಲೆ ಏಳುಬೀಳು ಇದ್ದದ್ದೇ. ಬಾಡಿಗೆ ಮನೆಯಲ್ಲಿದ್ದವರು ತಮ್ಮ ಪಾತ್ರೆಪಡಗ ಎಲ್ಲಿವೆಯೆಂದು ತಿಳಿದಿರಬೇಕು ಎನ್ನುತ್ತೇನೆ, ಅಷ್ಟೆ.

ಇಷ್ಟು ಬರೆದುಕೊಂಡ ಮೇಲೆ ನಾವಿಬ್ಬರೂ ಒಂದು ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆವು. ಎಡಗಡೆ ಅವಳ ತಂಡ ಬಳಸುತ್ತಿದ್ದ ಏಳು ತಂತ್ರಾಂಶಗಳು. ಮೇಲುಗಡೆ ಚರಿತ್ರೆ ಕೊಟ್ಟ ಮೂರು ಪ್ರಶ್ನೆಗಳು. ಯಾವುದು ನಿಜವಾದ ಪ್ರತಿ ಎಂದು ಎಲ್ಲರಿಗೂ ಗೊತ್ತಾಗುತ್ತದೆಯೆ? ಮುಗಿಯದ ಕೆಲಸವನ್ನು ಯಾರು, ಯಾವಾಗ ನೋಡಬಹುದೆಂದು ನಾವೇ ನಿರ್ಧರಿಸಬಹುದೆ? ನಾಳೆ ಅಂಗಡಿ ಮುಚ್ಚಿದರೆ ನಮ್ಮ ಕೆಲಸವನ್ನು ಹೊರಗೆ ತೆಗೆದುಕೊಂಡು ಹೋಗಬಹುದೆ? ಅವಳು ಎರಡು ಪ್ರಶ್ನೆ ಸೇರಿಸಿದಳು. ಕರೆಂಟು, ನೆಟ್‌ವರ್ಕು ಹೋದಾಗ ಏನಾಗುತ್ತದೆ? ನಮ್ಮ ಕನ್ನಡ ಸರಿಯಾಗಿ ಮೂಡುತ್ತದೆಯೆ?

ಕೊನೆಯ ಪರೀಕ್ಷೆಯನ್ನು ನಾನೇ ಮಾಡಿಸಿದೆ. 'ಸ್ತ್ರೀ', 'ಜ್ಞಾನ', 'ಸೂರ್ಯ', 'ಅರ್ಘ್ಯ', 'ರಾಷ್ಟ್ರ' ಎಂಬ ಐದು ಪದ ಬರೆಸಿ ಏಳು ಊರುಗಳಲ್ಲಿ ತೆರೆಸಿದೆವು. ಒಂದು ಸಲಕರಣೆಯಲ್ಲಿ ಒತ್ತಕ್ಷರ ಅಕ್ಷರದಿಂದ ಕಳಚಿ ಪಕ್ಕದಲ್ಲಿ ನಿಂತಿತ್ತು. ಕನ್ನಡ ಪರದೆಗಳನ್ನೇ ಮಾಡಬೇಕಾದ ತಂಡಕ್ಕೆ ಅದು ಎಷ್ಟು ಅಗ್ಗವಾಗಿದ್ದರೇನು ಉಪಯೋಗ? ಅದನ್ನು ಹೊಡೆದುಹಾಕಿದೆವು.

ಏಳರಲ್ಲಿ ಮೂರು ಉಳಿದವು. ಬರೆಯಲೂ ತೋರಿಸಲೂ ಅಳತೆ ಕೊಡಲೂ ಒಂದು, ಮಾತಿಗೆ ಒಂದು, ತೀರ್ಮಾನಗಳನ್ನು ಬರೆದಿಡಲು ಒಂದು. ಸ್ಪೇನಿನವರು 2021ರಲ್ಲಿ ಹೊರತಂದ 'ಪೆನ್‌ಪಾಟ್' ಎಂಬ ಮುಕ್ತ ತಂತ್ರಾಂಶವನ್ನೂ ಅವರು ತೂಗಿ ನೋಡಿದರು. ಅದನ್ನು ತಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸಬಹುದು, ಮಾಡಿದವರು ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು. ಆದರೆ ನಡೆಸಿಕೊಂಡು ಹೋಗುವ ಕೈ ತಂಡದಲ್ಲಿ ಇರಲಿಲ್ಲ. ಹಾಗಾಗಿ ಫಿಗ್ಮಾವನ್ನೇ ಇಟ್ಟುಕೊಂಡು, ತಿಂಗಳ ಕೊನೆಯ ಶುಕ್ರವಾರ ಮುಗಿದ ಕೆಲಸದ ಪ್ರತಿಯನ್ನು ಪಿಡಿಎಫ್ ಮತ್ತು ಎಸ್‌ವಿಜಿ ರೂಪದಲ್ಲಿ ಹೊರತೆಗೆದು ಬೇರೆ ಕಡೆ ಇಡುವ ನಿಯಮ ಮಾಡಿದರು. ಎಸ್‌ವಿಜಿ ಎನ್ನುವುದು 2001ರಲ್ಲಿ ಎಲ್ಲರ ಬಳಕೆಗೆಂದು ಒಪ್ಪಿಕೊಂಡ ರೂಪ. ಒಂದೇ ಕಂಪನಿಯ ಬೀಗ ಅದಕ್ಕಿಲ್ಲ.

ಮರೆಯ ಪ್ರಶ್ನೆಗೆ ಅವಳೇ ಉಪಾಯ ಕಂಡಳು. ಪ್ರತಿಯೊಬ್ಬರಿಗೂ ಒಂದು ಕರಡು ಹಾಳೆ, ಅದನ್ನು ಕರೆಯದೆ ಯಾರೂ ತೆರೆಯಬಾರದು. ಮಂಗಳವಾರ, ಶುಕ್ರವಾರ ಕರಡಿನಿಂದ ಆಯ್ದದ್ದು ಎಲ್ಲರ ಹಾಳೆಗೆ ಬರಬೇಕು, ಮೇಲಿನವರು ಅದನ್ನು ಯಾವ ಹೊತ್ತಿನಲ್ಲಾದರೂ ನೋಡಬಹುದು. ಯಾರು ಏನು ತೀರ್ಮಾನಿಸಿದರು, ಯಾಕೆ ಎಂದು ತಾರೀಖಿನೊಂದಿಗೆ ಎರಡು ಸಾಲು ಬರೆಯಬೇಕು. ನೀಲಿ ನಕ್ಷೆಯ ಮೂಲೆಯ ಸಹಿ ಹೀಗೆ ಮರಳಿ ಬಂತು. ಪರದೆಯ ಚಿತ್ರ ತೆಗೆಯುವ ತಂತ್ರಾಂಶ ಹಾಕೋಣವೇ ಎಂದು ಕಚೇರಿಯಿಂದ ಕೇಳಿದಾಗ ಅವಳು ಈ ಪಟ್ಟಿಯನ್ನೇ ಕಳಿಸಿ, "ಕೆಲಸ ಕಾಣಿಸಬೇಕು ಎಂದಿರಿ, ಕಾಣಿಸುತ್ತಿದೆ. ನಾವು ಕೂತದ್ದು ನಿಂತದ್ದು ಯಾಕೆ ಕಾಣಿಸಬೇಕು ಸಾರ್?" ಎಂದು ಬರೆದಳು. ಉತ್ತರಕ್ಕೆ ಹನ್ನೊಂದು ದಿನ ಕಾದೆವು. ಆ ದಿನಗಳಲ್ಲಿ ನನ್ನ ತಂಗಿ ಸರಿಯಾಗಿ ಊಟ ಮಾಡಲಿಲ್ಲ. ಒಂದು ವರ್ಷದ ಮಟ್ಟಿಗೆ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಬಂತು. ಮುಂದಿನ ವರ್ಷ ಮತ್ತೆ ಕೇಳಬೇಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಾದೆ. ಆದರೆ ನೆಲ ನಿಜಕ್ಕೂ ಡೊಂಕಾಗಿದ್ದಾಗಲೂ ಹೆಂಗಸರು ಕುಣಿದೇ ತೋರಿಸಬೇಕಾದ ಸಂದರ್ಭಗಳಿವೆ. ಶರ್ಲಿ ಪೆನ್ಸಿಲು ಅಂಚೆಗಳಲ್ಲೇ ವಿಮಾನದ ಕೆಲಸ ಮಾಡಿಸಿ ತೋರಿಸಿದಳು. ಇಂದಿನವರಿಗೆ ನೆಲ ಸ್ವಲ್ಪ ಮಟ್ಟವಾಗಿದೆ. ನಾಳೆ ಫಿಗ್ಮಾದ ಜಾಗಕ್ಕೆ ಇನ್ನೊಂದು ಹೆಸರು ಬಂದೀತು, ಈ ಬರಹದ ಹೆಸರುಗಳೆಲ್ಲ ಹಳತಾದಾವು. ಹಾಗಾಗಿ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ನಿಮ್ಮ ಮನೆಯ ಹುಡುಗಿ ಇಂಥದೊಂದು ಪಟ್ಟಿ ಹಿಡಿದು ಕುಳಿತಿದ್ದರೆ, ಪ್ರತಿ ಯಾವುದು, ಮರೆ ಎಲ್ಲಿ, ಹೊರಗೆ ತೆಗೆಯುವ ದಾರಿ ಹೇಗೆ ಎಂದು ಮೂರು ಮಾತು ಕೇಳಿ. ತಂತ್ರಾಂಶ ತಿಳಿಯದಿದ್ದರೂ ಈ ಮೂರನ್ನು ಕೇಳಲು ನಮಗೆ ಬರುತ್ತದೆ. ಹಾಗೆಯೇ ಅವಳ ಮೀಟಿಂಗಿನ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹಿತ್ತಿಲ ಕಡೆ ಒಂದು ಸುತ್ತು ಹೋಗಿಬನ್ನಿ. ಆ ಸಹಾಯಕ್ಕೆ ಬದಲಾಗಬಲ್ಲ ತಂತ್ರಾಂಶವನ್ನು ಇನ್ನೂ ಯಾರೂ ಮಾಡಿಲ್ಲ.